ತಂಡ ಆಯ್ಕೆ ಮಾಡಿ, ಜೊತೆಗೆ ಕಾರಣವನ್ನೂ ಬರೆದು ಹಾಕಿ

ಸಂಪಾದಕರಿಗೆ ನಮಸ್ಕಾರ,

2025ರ ನವೆಂಬರ್‌ನಲ್ಲಿ ಗುವಾಹಟಿ ಟೆಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾ ನಮ್ಮ ಕ್ರಿಕೆಟ್ ತಂಡವನ್ನು 408 ರನ್‌ಗಳಿಂದ ಸೋಲಿಸಿದ ಮೇಲೆ ದಾವಣಗೆರೆಯಲ್ಲಿ ಎಲ್ಲಿ ನಿಂತರೂ ಒಂದೇ ಮಾತು, ಮೊದಲು ಕೋಚ್‌ನ ಮನೆಗೆ ಕಳಿಸಿ ಅಂತ. ಮಂಡಕ್ಕಿ-ಮಿರ್ಚಿ ಅಂಗಡಿ ಮುಂದೆ ಅದೇ, ಹೈಸ್ಕೂಲ್ ಮೈದಾನದ ಕಾಂಪೌಂಡ್ ಮೇಲೆ ಕೂತ ಹುಡುಗರ ಬಾಯಲ್ಲೂ ಅದೇ. ಕೋಚ್ ಗಂಭೀರ್ ಇರಲಿ, ಹೋಗಲಿ, ನನಗೆ ಅದು ಅಂಥ ದೊಡ್ಡ ವಿಷಯ ಅನ್ನಿಸಿಲ್ಲ. ಯಾರನ್ನು ಯಾಕೆ ಆರಿಸಿದರು, ಯಾಕೆ ಬಿಟ್ಟರು ಅಂತ ಒಂದು ಹಾಳೆಯಲ್ಲಿ ಬರೆದು ಜನರ ಮುಂದೆ ಇಡುವ ಪದ್ಧತಿಯೇ ನಮ್ಮಲ್ಲಿಲ್ಲ. ನನ್ನ ತಕರಾರು ಅದರ ಬಗ್ಗೆ.

ಬ್ಯಾಟಿಂಗ್‌ನ ಮೂರನೇ ಕ್ರಮಾಂಕವನ್ನೇ ನೋಡಿ. 2025ರ ಅಕ್ಟೋಬರ್‌ನಲ್ಲಿ ದೆಹಲಿಯಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಸಾಯಿ ಸುದರ್ಶನ್ ಆ ಜಾಗದಲ್ಲಿ 87 ಮತ್ತು 39 ಹೊಡೆದರು. ಮುಂದಿನ ಟೆಸ್ಟ್ ಕೋಲ್ಕತ್ತದಲ್ಲಿ, ದಕ್ಷಿಣ ಆಫ್ರಿಕಾ ವಿರುದ್ಧ. ಅಲ್ಲಿ ಅವರು ಆಡುವ ಹನ್ನೊಂದರಲ್ಲೇ ಇಲ್ಲ. ವಾಷಿಂಗ್ಟನ್ ಸುಂದರ್ ಮೂರನೆಯವರಾಗಿ ಬಂದರು. ಗೆಲ್ಲಲು ಬರೀ 124 ಬೇಕಿತ್ತು, ನಾವು 93ಕ್ಕೆ ಮುಗಿದೆವು, ಅದರಲ್ಲಿ ಎಲ್ಲರಿಗಿಂತ ಜಾಸ್ತಿ ಅಂದ್ರೆ 31 ರನ್ ಮಾಡಿದ್ದು ಅದೇ ಸುಂದರ್. ಸರಿ, ಆಳು ಸಿಕ್ಕಿದ ಅಂದುಕೊಂಡರೆ ಗುವಾಹಟಿಯಲ್ಲಿ ಅವರು ಎಂಟನೇ ಕ್ರಮಾಂಕಕ್ಕೆ ಇಳಿದರು, ಮೂರಕ್ಕೆ ಮತ್ತೆ ಸುದರ್ಶನ್! ದೇವದತ್ತ ಪಡಿಕ್ಕಲ್ ಎರಡೂ ಟೆಸ್ಟ್ ಬೆಂಚ್ ಮೇಲೆ ಕೂತು ನೋಡಿದರು. ಇದರ ಹಿಂದೆ ಏನೋ ಲೆಕ್ಕಾಚಾರ ಇದ್ದಿರಬಹುದು. ಇದ್ದರೆ ಹೇಳಲಿ ಅಲ್ವಾ?

ಕರುಣ್ ನಾಯರ್ ವಿಷಯ ಎತ್ತಿದರೆ ‘ಕನ್ನಡಿಗರಿಗೆ ಅನ್ಯಾಯ’ ಅಂತ ಶುರು ಮಾಡಿದ ಅನ್ನುತ್ತಾರೆ. ಹಾಗಲ್ಲ. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ 303 ಹೊಡೆದು ಔಟಾಗದೆ ಬಂದವರನ್ನು ಮುಂದಿನ ಟೆಸ್ಟ್‌ಗೇ ಹೊರಗಿಟ್ಟರು. ರಹಾನೆ ಗಾಯ ವಾಸಿಯಾಗಿ ಮರಳಿದ್ದರು, ಆಯ್ತು ಒಪ್ಪೋಣ. ಆಮೇಲೆ ಆಸ್ಟ್ರೇಲಿಯಾ ವಿರುದ್ಧ ಮೂರು ಟೆಸ್ಟ್ ಕೊಟ್ಟು ಬಿಟ್ಟವರು ಮತ್ತೆ ಕರೆದದ್ದು ಎಂಟು ವರ್ಷ ಕಳೆದ ಮೇಲೆ. ಅದೂ ಅವರು ವಿದರ್ಭಕ್ಕೆ ಹೋಗಿ ಒಂದೇ ರಣಜಿ ಋತುವಿನಲ್ಲಿ 863 ರನ್ ಗುಡ್ಡೆ ಹಾಕಿದ ಮೇಲೆ. ಇಂಗ್ಲೆಂಡ್‌ನಲ್ಲಿ ನಾಲ್ಕು ಟೆಸ್ಟ್‌ನಲ್ಲಿ 205 ರನ್ ಮಾಡಿದರು, ಅದು ಸಾಲದು, ನಾನೇ ಒಪ್ಪುತ್ತೇನೆ. ಇನ್ನೂ ಜಾಸ್ತಿ ನಿರೀಕ್ಷಿಸಿದ್ದೆವು ಅಂತ ಆಗಿನ ಆಯ್ಕೆ ಸಮಿತಿ ಅಧ್ಯಕ್ಷ ಅಗರ್ಕರ್ ನೇರವಾಗಿ ಹೇಳಿದರು, ಅದು ಒಳ್ಳೆಯದೇ. ನಾಯರ್ ಜಾಗಕ್ಕೆ ಬಂದ ಪಡಿಕ್ಕಲ್ ಕೂಡ ನಮ್ಮವರೇ, ಹಾಗಾಗಿ ಊರು-ರಾಜ್ಯದ ಜಗಳ ಇಲ್ಲಿಲ್ಲ. ಆದರೆ ಒಬ್ಬರಿಗೆ ನಾಲ್ಕು ಟೆಸ್ಟ್, ಇನ್ನೊಬ್ಬರಿಗೆ ಹತ್ತು, ಮತ್ತೊಬ್ಬರಿಗೆ ಬೆಂಚು, ಈ ಅಳತೆ ಯಾವುದು? ಸರ್ಫರಾಜ್ ಖಾನ್ 2024ರಲ್ಲಿ ಚಿನ್ನಸ್ವಾಮಿಯಲ್ಲಿ ನ್ಯೂಜಿಲೆಂಡ್ ವಿರುದ್ಧ 150 ಹೊಡೆದರು. ಮುಂದಿನ ನಾಲ್ಕು ಇನಿಂಗ್ಸ್‌ನಲ್ಲಿ 11, 9, 0, 1. ಅವರನ್ನು ಆಸ್ಟ್ರೇಲಿಯಾಕ್ಕೆ ಕರೆದುಕೊಂಡು ಹೋಗಿ ಐದು ಟೆಸ್ಟ್ ಸುಮ್ನೆ ಕೂರಿಸಿ, ವಾಪಸ್ ಬಂದ ಮೇಲೆ ಇಂಗ್ಲೆಂಡ್‌ಗೆ ಬೇಡ ಅಂದರು. ಆಡಿಸಿ ಫೇಲ್ ಮಾಡಿದ್ದರೆ ಅದೊಂದು ಮಾತು.

ಸೋತಿದ್ದು ಒಂದು ಸರಣಿ ಅಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ. ತವರಿನಲ್ಲಿ ಸತತ 18 ಸರಣಿ ಗೆದ್ದ ತಂಡ ಇದು. 2024ರಲ್ಲಿ ಬೆಂಗಳೂರಿನಲ್ಲಿ 46ಕ್ಕೆ ಆಲೌಟ್ ಆಗಿ ನ್ಯೂಜಿಲೆಂಡ್‌ಗೆ 0-3, ಆಸ್ಟ್ರೇಲಿಯಾದಲ್ಲಿ 1-3, ವರ್ಷ ತುಂಬುವಷ್ಟರಲ್ಲಿ ಮನೆಯಲ್ಲೇ ದಕ್ಷಿಣ ಆಫ್ರಿಕಾಕ್ಕೆ 0-2. ಮಧ್ಯೆ ಇಂಗ್ಲೆಂಡ್‌ನಲ್ಲಿ 2-2 ಮಾಡಿದ್ದು ಹೌದು, ಸಿರಾಜ್ ಓವಲ್‌ನಲ್ಲಿ ಆ ಕೊನೆಯ ಬೆಳಿಗ್ಗೆ ಹಾಕಿದ ಸ್ಪೆಲ್ ನೋಡಿ ನಾನೂ ಕುಣಿದಿದ್ದೇನೆ. 2024ರ ಟಿ20 ವಿಶ್ವಕಪ್, 2025ರ ಚಾಂಪಿಯನ್ಸ್ ಟ್ರೋಫಿ ನಮ್ಮದೇ. ಅಂದರೆ ಪ್ರತಿಭೆಗೆ ಬರ ಇಲ್ಲ. ಐದು ದಿನದ ಆಟಕ್ಕೆ ಯಾರು ಬೇಕು ಅನ್ನುವುದರಲ್ಲಿ ಗೊಂದಲ ಇದೆ. ಬ್ಯಾಟಿಂಗೂ ಬರುತ್ತೆ, ಬೌಲಿಂಗೂ ಬರುತ್ತೆ ಅನ್ನೋ ಆಲ್‌ರೌಂಡರ್‌ಗಳನ್ನು ತುಂಬಿಕೊಂಡು, ಅವರ ಕೈಗೆ ಬೆರಳೆಣಿಕೆ ಓವರ್ ಕೊಟ್ಟು, ತಿರುಗುವ ಪಿಚ್ ಕೇಳಿ ಮಾಡಿಸಿಕೊಂಡು, ಅದರಲ್ಲಿ ದಕ್ಷಿಣ ಆಫ್ರಿಕಾದ ಸ್ಪಿನ್ನರ್ ಸೈಮನ್ ಹಾರ್ಮರ್ ಕೈಗೆ ಎಂಟು ವಿಕೆಟ್ ಕೊಟ್ಟು ಬಂದರೆ ಯಾರನ್ನು ಬೈಯೋದು?

ರಣಜಿ ಆಡಿ ಅಂತ ಸ್ಟಾರ್‌ಗಳಿಗೆ ಕಟ್ಟಪ್ಪಣೆ ಆಯ್ತು. ವಿರಾಟ್ ಕೊಹ್ಲಿ ಹನ್ನೆರಡು ವರ್ಷದ ಮೇಲೆ ದೆಹಲಿ ಪರ ಆಡಿದಾಗ ಗೇಟ್ ಮುಂದೆ ನೂಕುನುಗ್ಗಲು. ಸಂತೋಷ. ಆದರೆ ಅದೇ ರಣಜಿಯನ್ನು 2024-25ರಿಂದ ಎರಡು ತುಂಡು ಮಾಡಿ, ನಡುವೆ ಟಿ20 ಮತ್ತು ಏಕದಿನ ಟೂರ್ನಿ ತುರುಕಿದ್ದಾರೆ. ಆ ವರ್ಷ ಆಸ್ಟ್ರೇಲಿಯಾದಲ್ಲಿ ನಮ್ಮವರು ಒದ್ದಾಡುತ್ತಿದ್ದಾಗ ಇಲ್ಲಿ ಕೆಂಪು ಚೆಂಡಿನಲ್ಲಿ ರಣಜಿ ಆಡುವವರೇ ಇರಲಿಲ್ಲ. ಬದಲಿ ಆಟಗಾರನನ್ನು ಯಾವ ಫಾರ್ಮ್ ನೋಡಿ ಕರೆಯೋದು?

ನಮ್ಮೂರಿನ ವಿನಯ್ ಕುಮಾರ್ ಅವರನ್ನು ನೆನೆಸಿಕೊಳ್ಳಿ. ‘ದಾವಣಗೆರೆ ಎಕ್ಸ್‌ಪ್ರೆಸ್’ ರಣಜಿಯಲ್ಲಿ ವರ್ಷಗಟ್ಟಲೆ ವಿಕೆಟ್ ಕಿತ್ತ ಮೇಲೆ ಸಿಕ್ಕಿದ್ದು ಒಂದೇ ಟೆಸ್ಟ್, 2012ರಲ್ಲಿ ಪರ್ತ್‌ನಲ್ಲಿ. ಅದಾದ ಮೇಲೆ ಇದೇ ಮನುಷ್ಯ ನಾಯಕನಾಗಿ ಕರ್ನಾಟಕಕ್ಕೆ ಸತತ ಎರಡು ವರ್ಷ ರಣಜಿ ಗೆದ್ದುಕೊಟ್ಟರು, ಒಟ್ಟು 500ಕ್ಕೂ ಜಾಸ್ತಿ ಪ್ರಥಮ ದರ್ಜೆ ವಿಕೆಟ್ ಪಡೆದರು. ವೇಗ ಸಾಲದು ಅಂತ ಎಲ್ಲರೂ ಅಂದುಕೊಂಡಿದ್ದು ಬಿಟ್ಟರೆ, ಆಯ್ಕೆ ಸಮಿತಿ ಹೀಗೆ ಅಂತ ಬರೆದುಕೊಟ್ಟಿದ್ದನ್ನು ನಾವು ಯಾರೂ ನೋಡಿಲ್ಲ.

ಈ ರೋಗ ಮೇಲಿಂದ ಕೆಳಗಿನವರೆಗೂ ಇದೆ. ನಮ್ಮ ಪಕ್ಕದ ಮನೆ ಹುಡುಗ ಎಡಗೈ ಸ್ಪಿನ್ನರ್. ಹದಿನಾರರ ಒಳಗಿನವರ ಟ್ರಯಲ್ಸ್‌ಗೆ ಅಂತ ಅಪ್ಪ ರಜೆ ಹಾಕಿ, ನಸುಕಿನ ಟ್ರೈನ್ ಹಿಡಿದು ಕರೆದುಕೊಂಡು ಹೋದರು. ಅಂಗಿಗೆ ಪಿನ್ ಹಾಕಿದ ನಂಬರ್ ಚೀಟಿ, ಬಿಸಿಲಲ್ಲಿ ಉದ್ದ ಸಾಲು. ಮಧ್ಯಾಹ್ನ ಊಟದ ಹೊತ್ತಿಗೆ ಸರದಿ ಬಂತು. ಒಂದು ಓವರ್ ಹಾಕಿಸಿದರು, ನೋಡಬೇಕಾದವರು ಅದರಲ್ಲಿ ಅರ್ಧ ಹೊತ್ತು ಫೋನ್‌ನಲ್ಲಿದ್ದರು, ನೆಕ್ಸ್ಟ್ ಅಂದರು. ಪಟ್ಟಿ ವಾಟ್ಸಾಪ್‌ನಲ್ಲಿ ಬಂತು, ಹೆಸರಿಲ್ಲ. ಏನು ತಿದ್ದಿಕೊಳ್ಳಬೇಕು ಸಾರ್ ಅಂತ ಅಪ್ಪ ಫೋನ್ ಮಾಡಿ ಕೇಳಿದರೆ, ‘ಮುಂದಿನ ವರ್ಷ ನೋಡೋಣ’. ಆ ಹುಡುಗ ಈಗ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಆಡುತ್ತಾನೆ. ಅಲ್ಲಿ ಕೊನೇಪಕ್ಷ ರಾತ್ರಿ ಫ್ಲಡ್‌ಲೈಟ್‌ನಲ್ಲಿ ಚಪ್ಪಾಳೆ ಸಿಗುತ್ತೆ.

ಆಸ್ಟ್ರೇಲಿಯಾದವರು 2010-11ರಲ್ಲಿ ಮನೆಯಲ್ಲೇ ಇಂಗ್ಲೆಂಡ್ ಎದುರು ಆ್ಯಷಸ್ ಸರಣಿ ಸೋತಾಗ ಡಾನ್ ಆರ್ಗಸ್ ಅನ್ನೋ ಉದ್ಯಮಿಯನ್ನು ಮುಂದಿಟ್ಟು, ಬಾರ್ಡರ್, ಟೇಲರ್, ಸ್ಟೀವ್ ವಾ ಅಂಥ ಮಾಜಿ ನಾಯಕರನ್ನು ಕೂರಿಸಿ ತನಿಖೆ ಮಾಡಿಸಿದರು. 2011ರ ಆಗಸ್ಟ್‌ನಲ್ಲಿ ಅದರ ಶಿಫಾರಸುಗಳು ಬಹಿರಂಗವಾದವು, ಆಯ್ಕೆ ಸಮಿತಿಯ ಅಧ್ಯಕ್ಷ ಹುದ್ದೆ ಪೂರ್ಣಾವಧಿ ಕೆಲಸವಾಯಿತು. ನಮ್ಮಲ್ಲಿ? ಆಸ್ಟ್ರೇಲಿಯಾ ಸೋಲಿನ ನಂತರ ಪತ್ರಿಕೆಗಳಲ್ಲಿ ಬಂದಿದ್ದು ಹತ್ತು ಅಂಶದ ಕಟ್ಟಳೆ. ಹೆಂಡತಿ-ಮಕ್ಕಳು ಎಷ್ಟು ದಿನ ಇರಬಹುದು, ಲಗೇಜ್ ಎಷ್ಟು ಕೆಜಿ ಇರಬೇಕು. ಸೂಟ್‌ಕೇಸ್ ಹಗುರಾದರೆ ಆಫ್ ಸ್ಟಂಪ್ ಕಾಣಿಸುತ್ತಾ?

ಕೇಳೋಣ ಅಂದರೆ ಕೇಳೋಕೆ ದಾರಿ ಇಲ್ಲ. ಕ್ರಿಕೆಟ್ ಮಂಡಳಿ (ಬಿಸಿಸಿಐ) ಸುಧಾರಣೆಗೆ ಲೋಧಾ ಸಮಿತಿ ಹೇಳಿದ್ದನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಬಹುತೇಕ ಒಪ್ಪಿತು, ಪದಾಧಿಕಾರಿಗಳು ಕೆಲವು ವರ್ಷದ ಮೇಲೆ ಹುದ್ದೆಯಿಂದ ದೂರ ಇರಬೇಕು ಅನ್ನೋ ವಿರಾಮದ ನಿಯಮ 2022ರ ಹೊತ್ತಿಗೆ ಸಡಿಲವಾಯಿತು. ಬಿಸಿಸಿಐ ಮಾಹಿತಿ ಹಕ್ಕಿನ ಅಡಿ ಬರಬೇಕು ಅಂತ ಕಾನೂನು ಆಯೋಗ 2018ರಲ್ಲೇ ಹೇಳಿತ್ತು. 2025ರ ಕ್ರೀಡಾ ಆಡಳಿತ ಮಸೂದೆಯಲ್ಲಿ ಆ ಆಸೆ ಕಾಣಿಸಿತು. ಕೊನೆಗೆ ಸರ್ಕಾರದ ದುಡ್ಡು ಪಡೆಯುವ ಸಂಸ್ಥೆಗಳಿಗೆ ಮಾತ್ರ ಅಂತ ತಿದ್ದಿಬಿಟ್ಟರು. ದುಡ್ಡು ಪಡೆಯಲ್ಲ, ನಿಜ. ದೇಶದ ಹೆಸರು ಪಡೀತಾರಲ್ಲ! ಅಧ್ಯಕ್ಷರ ಚುನಾವಣೆ 2022ರಲ್ಲೂ ಅವಿರೋಧ, 2025ರಲ್ಲೂ ಅವಿರೋಧ. ನಮ್ಮಲ್ಲಿ ಹಾಲಿನ ಡೇರಿ ಚುನಾವಣೆಗೂ ಪೋಸ್ಟರ್ ಬೀಳುತ್ತೆ ಸ್ವಾಮಿ.

ನಮ್ಮವರು ಇದ್ದಿದ್ದರೆ ಸರಿ ಹೋಗುತ್ತಿತ್ತು ಅಂತ ಯಾರೂ ಹೇಳಬೇಡಿ. ಗದಗದ ಸುನಿಲ್ ಜೋಶಿ 2020ರಲ್ಲಿ ಆಯ್ಕೆ ಸಮಿತಿ ಅಧ್ಯಕ್ಷರಾಗಿದ್ದರು. ಬೆಂಗಳೂರಿನಲ್ಲಿ 46ಕ್ಕೆ ಉರುಳಿದಾಗ ಬಿಸಿಸಿಐ ಅಧ್ಯಕ್ಷ ಸ್ಥಾನದಲ್ಲಿ ನಮ್ಮ ರೋಜರ್ ಬಿನ್ನಿಯೇ ಇದ್ದರು. ಇಬ್ಬರ ಮೇಲೂ ಗೌರವ ಇದೆ. ಕಾರಣ ಬರೆದು ಹಾಕುವ ಪದ್ಧತಿ ಅವರ ಕಾಲದಲ್ಲೂ ಬರಲಿಲ್ಲ.

ಒಂದು ಕೋರಿಕೆ. ಮುಂದಿನ ಟೆಸ್ಟ್ ತಂಡ ಪ್ರಕಟವಾಗುವ ದಿನ ನಿಮ್ಮ ಕ್ರೀಡಾ ವರದಿಗಾರರು ಪತ್ರಿಕಾಗೋಷ್ಠಿಯಲ್ಲಿ ಇದ್ದರೆ ಕೋಚ್ ಬಗ್ಗೆ ಕೇಳುವುದು ಬೇಡ. ಮೂರನೇ ಕ್ರಮಾಂಕಕ್ಕೆ ಯಾರು, ಎಷ್ಟು ಟೆಸ್ಟ್‌ಗೆ, ಯಾವ ಆಧಾರದ ಮೇಲೆ, ಇಷ್ಟು ಕೇಳಲಿ. ಉತ್ತರ ಏನೇ ಬರಲಿ, ಹಾಗೇ ಅಚ್ಚು ಹಾಕಿ.

– ನಿಮ್ಮ ಓದುಗ, ವಿದ್ಯಾನಗರ, ದಾವಣಗೆರೆ