ಲೀನಾ ಹಾರ್ನ್‌ಗೋಸ್ಕರ ಆದ್ರೂ ಈ ಸಿನಿಮಾ ನೋಡಿ

ಮಾನ್ಯ ಸಂಪಾದಕರೇ,

ನಿಮ್ಮ ಸಿನಿಮಾ ಪುಟದಲ್ಲಿ ಹಳೇ ಹಾಲಿವುಡ್ ಬಗ್ಗೆ ಆಗಾಗ ಬರುತ್ತೆ, ಖುಷಿಯಿಂದ ಓದ್ತೀನಿ, ಆದ್ರೆ ಅಮೆರಿಕದ ಕಪ್ಪು ಗಾಯಕಿ, ನಟಿ ಲೀನಾ ಹಾರ್ನ್ ಹೆಸರು ಮಾತ್ರ ಒಂದ್ಸಲನೂ ಕಣ್ಣಿಗೆ ಬಿದ್ದಿಲ್ಲ, ಅದಕ್ಕೇ ಈ ಪತ್ರ. ಮೊನ್ನೆ ಹಾಲಿವುಡ್ ಸ್ಟುಡಿಯೋ ಎಂಜಿಎಂನವರ 1946ರ ‘ಟಿಲ್ ದ ಕ್ಲೌಡ್ಸ್ ರೋಲ್ ಬೈ’ ನೋಡ್ದೆ. ಸಂಗೀತ ನಿರ್ದೇಶಕ ಜೆರೋಮ್ ಕರ್ನ್ ಅವರ ಜೀವನಕಥೆ ಅಂತ ತೆಗೆದಿರೋದು, ಶೂಟಿಂಗ್ ನಡೀತಿರೋವಾಗಲೇ, 1945ರ ನವೆಂಬರ್‌ನಲ್ಲಿ ಅವರು ತೀರಿಕೊಂಡ್ರು. ಕಥೆ ಅಂತ ನೋಡೋಕೆ ಕೂತ್ರೆ ಮಾತ್ರ ಬೇಜಾರಾಗುತ್ತೆ. ಕರ್ನ್‌ಗೆ ಒಬ್ಬ ಗುರು ಥರ ಸ್ನೇಹಿತ, ಅವನಿಗೊಬ್ಬ ಮಗಳು, ಆ ಮಗಳು ಮನೆ ಬಿಟ್ಟು ಹೋಗೋದು, ಇವರು ಹುಡುಕೋದು, ಹೀಗೇ ಅರ್ಧ ಸಿನಿಮಾ ಹೋಗುತ್ತೆ, ಆದ್ರೆ ಆ ಅಪ್ಪ ಮಗಳು ಇಬ್ರೂ ಬರೀ ಕಲ್ಪನೆ, ಅಂಥವರು ಯಾರೂ ಇರಲೇ ಇಲ್ಲ. ನಟಿ ಜೂಡಿ ಗಾರ್ಲೆಂಡ್ ಚೆನ್ನಾಗಿ ಹಾಡ್ತಾರೆ, ಆಗ ಅವರು ಗರ್ಭಿಣಿ, ಅದು ಕಾಣಬಾರದು ಅಂತ ಪಾತ್ರೆ ರಾಶಿ ಹಿಂದೆ ನಿಲ್ಲಿಸಿ ತೆಗೆದಿದ್ದಾರೆ.

ನಾನು ಹೇಳಬೇಕಿರೋದು ಶುರುವಿನ ಭಾಗದ ಬಗ್ಗೆ. 1927ರಲ್ಲಿ ಕರ್ನ್ ಸಂಗೀತದ ‘ಶೋ ಬೋಟ್’ ನಾಟಕದ ಮೊದಲ ಪ್ರದರ್ಶನ ಅಂತ ತೋರಿಸಿ ಅದನ್ನೇ ಚಿಕ್ಕದಾಗಿ ಆಡಿಸ್ತಾರೆ, ಅದರಲ್ಲಿ ಜೂಲಿ ಅನ್ನೋ ಪಾತ್ರ ಲೀನಾದು. ಜೂಲಿ ಕಪ್ಪು ರಕ್ತ ಇರೋದನ್ನ ಮುಚ್ಚಿಟ್ಟು ಬಿಳಿಯರ ಮಧ್ಯೆ ಬದುಕ್ತಿರೋ ಹೆಂಗಸು. ಈ ಭಾಗದಲ್ಲಿ ಲೀನಾ ಒಂದೇ ಒಂದು ಹಾಡು ಹಾಡ್ತಾರೆ, ಕೈ ಬೀಸಲ್ಲ, ಕಣ್ಣೀರು ಹಾಕಲ್ಲ, ಗಂಟಲು ಏರಿಸಲ್ಲ, ಒಂದೊಂದು ಪದನೂ ಹಲ್ಲಿನ ಮಧ್ಯೆ ಹಿಡಿದು ಬಿಟ್ಟಂಗೆ ಬಿಡ್ತಾರೆ, ಅಷ್ಟರಲ್ಲೇ ಆ ಹೆಂಗಸಿನ ಇಡೀ ಬಾಳು ಕಣ್ಮುಂದೆ ಬಂದುಬಿಡುತ್ತೆ, ಆಮೇಲೆ ಎರಡು ಗಂಟೆ ಸಿನಿಮಾ ಓಡಿದ್ರೂ ನನ್ನ ತಲೇಲಿ ಉಳಿದಿದ್ದು ಅದೊಂದೇ. ಕೊನೆಗೆ ಬಿಳಿ ಗಾಯಕ ಫ್ರಾಂಕ್ ಸಿನಾಟ್ರಾ ಬಿಳೀ ಸೂಟ್ ಹಾಕ್ಕೊಂಡು ಬಿಳೀ ಕಂಬದ ಮೇಲೆ ನಿಂತು, ಮಿಸಿಸಿಪ್ಪಿ ದಂಡೆಯಲ್ಲಿ ಮೂಟೆ ಹೊರೋ ಕಪ್ಪು ಕೂಲಿಗಳ ಹಾಡು ಹಾಡ್ತಾರೆ, ಸ್ವರ ಸುಂದರವಾಗಿದೆ, ಆದ್ರೆ ನನಗೆ ನೋಡೋಕಾಗಲಿಲ್ಲ.

ಲೀನಾ 1942ರಿಂದ ಎಂಜಿಎಂ ಕಾಂಟ್ರ್ಯಾಕ್ಟ್‌ನಲ್ಲಿದ್ರು. ಅವರ ಹಾಡುಗಳನ್ನ ಹೆಚ್ಚಾಗಿ ಕಥೆಗೆ ಅಂಟಿಸದೆ ಬಿಡಿಬಿಡಿಯಾಗಿ ತೆಗೀತಿದ್ರು, ಯಾಕಂದ್ರೆ ಅಮೆರಿಕದ ದಕ್ಷಿಣ ರಾಜ್ಯಗಳ ಥಿಯೇಟರ್‌ನವರು ಕಪ್ಪು ನಟಿ ಅಂತ ಆ ಹಾಡು ಕತ್ತರಿಸಿ ಬಿಸಾಕಿದ್ರೂ ಸಿನಿಮಾ ಕೆಡಬಾರದು ಅಂತ. ಇದನ್ನ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

1951ರಲ್ಲಿ ಅದೇ ಎಂಜಿಎಂ, ಅದೇ ನಿರ್ಮಾಪಕ ಆರ್ಥರ್ ಫ್ರೀಡ್, ‘ಶೋ ಬೋಟ್’ನ ಪೂರ್ತಿ ಸಿನಿಮಾ ಮಾಡಿದ್ರು. 1946ರ ಸಿನಿಮಾದಲ್ಲಿ ನಾಟಕದ ನಾಯಕಿ ಮ್ಯಾಗ್ನೋಲಿಯಾ ಆಗಿದ್ದ ಕ್ಯಾಥರಿನ್ ಗ್ರೇಸನ್‌ಗೆ ಮತ್ತೆ ಅದೇ ಪಾತ್ರ ಸಿಕ್ತು, ಜೂಲಿ ಪಾತ್ರ ಮಾತ್ರ ಲೀನಾಗೆ ಸಿಗಲಿಲ್ಲ, ಬಿಳಿ ನಟಿ ಏವಾ ಗಾರ್ಡ್ನರ್‌ಗೆ ಹೋಯ್ತು. ಏವಾ ಒಳ್ಳೇ ನಟಿನೇ, ಅವರ ಮೇಲೆ ನನಗೇನೂ ಕೋಪ ಇಲ್ಲ, ಆದ್ರೆ ಸಿನಿಮಾದಲ್ಲಿ ಅವರ ಹಾಡುಗಳಿಗೆ ಇನ್ನೊಬ್ಬರ ಧ್ವನಿ ಹಾಕಿದ್ರು. ನಮ್ಮಲ್ಲಿ ಹಿನ್ನೆಲೆ ಗಾಯನ ಮಾಮೂಲಿ, ಅದು ತಪ್ಪು ಅಂತ ನಾನು ಹೇಳ್ತಿಲ್ಲ, ಆದ್ರೆ ಹಾಡಬಲ್ಲವರು, ಆ ಪಾತ್ರವನ್ನ ಒಮ್ಮೆ ಮಾಡಿ ತೋರಿಸಿದವರು ಅದೇ ಸ್ಟುಡಿಯೋದಲ್ಲಿ ಕಣ್ಣೆದುರಿಗಿದ್ರೂ ಅವರನ್ನ ಬಿಟ್ಟು ಇನ್ನೊಬ್ಬರ ಗಂಟಲು ತಂದು ಜೋಡಿಸಿದ್ದು ಅನ್ಯಾಯ ಅಲ್ವಾ ಸಾರ್?

ದಯವಿಟ್ಟು ಲೀನಾ ಬಗ್ಗೆ ಒಂದು ಲೇಖನ ಹಾಕಿ. 1981ರಲ್ಲಿ, 63ನೇ ವಯಸ್ಸಲ್ಲಿ, ಅವರು ನ್ಯೂಯಾರ್ಕ್‌ನ ನಾಟಕರಂಗ ಬ್ರಾಡ್‌ವೇನಲ್ಲಿ ತಮ್ಮದೇ ಶೋ ಶುರು ಮಾಡಿದ್ರು, 333 ಪ್ರದರ್ಶನ ಆಯ್ತು, ಜೂಲಿಯ ಆ ಹಾಡನ್ನ ಅಲ್ಲೂ ಹಾಡಿದ್ರು, ಅದನ್ನೂ ಬರೀರಿ.

ಇಂತಿ,
ನಿಮ್ಮ ಓದುಗ, ಶಿವಮೊಗ್ಗ