ಕ್ಲಿಪ್ ಹಾಕುವ ಮೊದಲು ವಸಡು ನೋಡಿ

ಮಾನ್ಯ ಸಂಪಾದಕರೇ,

ನಲವತ್ತು ದಾಟಿದವರೂ ಈಗ ಹಲ್ಲಿಗೆ ಕ್ಲಿಪ್ ಹಾಕಿಸಿಕೊಳ್ಳುತ್ತಿದ್ದಾರೆ. ನಾನೂ ಹಾಕಿಸಿಕೊಂಡೆ. ಬ್ರಷ್ ಮಾಡುವಾಗ ರಕ್ತ ಬರುತ್ತೆ ಅಂತ ಹೇಳಿದರೂ ಮೊದಲು ಹೋದ ಕ್ಲಿನಿಕ್‌ನಲ್ಲಿ ಯಾರೂ ವಸಡು ನೋಡಲಿಲ್ಲ. ನಾಲ್ಕೇ ತಿಂಗಳಲ್ಲಿ ಮುಂದಿನ ಎರಡು ಹಲ್ಲು ಅಲ್ಲಾಡತೊಡಗಿದವು.

ಹೆದರಿ ವಸಡಿನ ತಜ್ಞರ ಬಳಿ ಹೋದೆ. ಸಣ್ಣ ಕಡ್ಡಿಯಂಥ ಸಾಧನದಿಂದ ಅವರು ಒಂದೊಂದು ಹಲ್ಲಿನ ಸುತ್ತಲೂ ಅಳೆದರು. ವಸಡು ಚೆನ್ನಾಗಿದ್ದರೆ ಹಲ್ಲಿಗೂ ವಸಡಿಗೂ ನಡುವಿನ ಸಂದಿನ ಆಳ 3 ಮಿ.ಮೀ. ಮೀರುವುದಿಲ್ಲ. ನನಗೆ ಕೆಲವು ಕಡೆ 6 ಇತ್ತು. ಒಳಗೆ ಮೂಳೆ ಕರಗಿತ್ತು. ಕ್ಲಿಪ್ ಎಳೆದಾಗ ಹಲ್ಲಿನ ಒಂದು ಬದಿ ಮೂಳೆ ಕರಗುತ್ತೆ, ಇನ್ನೊಂದು ಬದಿ ಹೊಸದು ಕಟ್ಟುತ್ತೆ. ಹಲ್ಲು ಜರುಗುವುದೇ ಹಾಗೆ. ವಸಡಿನಲ್ಲಿ ಸೋಂಕು ಇಟ್ಟುಕೊಂಡು ಎಳೆದರೆ ಕರಗುವುದೇ ಜಾಸ್ತಿ.

ಆಮೇಲೆ ಅವರು, "ಒಂದು ಗುಟುಕು ನೀರು ನುಂಗಿ, ನಾಲಿಗೆ ಎಲ್ಲಿ ತಾಗುತ್ತೆ ಹೇಳಿ" ಅಂದರು. ಮುಂದಿನ ಹಲ್ಲನ್ನೇ ಒತ್ತುತ್ತಿತ್ತು. ಚಿಕ್ಕಂದಿನ ಅಭ್ಯಾಸ, ನನಗೇ ಗೊತ್ತಿರಲಿಲ್ಲ. ಜೊತೆಗೆ ಉತ್ತರಪತ್ರಿಕೆ ತಿದ್ದುವಾಗ ಪೆನ್ನು ಕಚ್ಚುವ ಚಟ ಬೇರೆ. ಮೂಳೆ ಗಟ್ಟಿ ಇರುವವರೆಗೆ ಹಲ್ಲು ಇದನ್ನೆಲ್ಲ ತಡೆದುಕೊಂಡಿತ್ತು. ಮೂಳೆ ಇಳಿದ ಮೇಲೆ ಮುಂದಕ್ಕೆ ಬಾಗಿ ಹಲ್ಲುಗಳ ನಡುವೆ ಸಂದು ಬಿಟ್ಟಿತು. ಆ ಸಂದು ಮುಚ್ಚಿಸಲೆಂದೇ ಅಲ್ವಾ ನಾನು ಕ್ಲಿಪ್ ಹಾಕಿಸಿದ್ದು!

ತಂತಿ ಬಿಚ್ಚಿದರು. ವಸಡಿನ ಒಳಗೆಲ್ಲ ಕ್ಲೀನ್ ಮಾಡಿದರು. ರಕ್ತ ನಿಂತು, ಅಳತೆ 4ಕ್ಕೆ ಇಳಿಯುವವರೆಗೆ ಕೆಲವು ತಿಂಗಳು ಕಾದೆ. ಬಳಿಕ ಬೇರೊಬ್ಬ ಕ್ಲಿಪ್ ಡಾಕ್ಟರು ಹಗುರವಾಗಿ ಎಳೆಯುವ ತಂತಿ ಹಾಕಿದರು. ಮೂರು ತಿಂಗಳಿಗೊಮ್ಮೆ ವಸಡಿನ ಡಾಕ್ಟರು ನೋಡುತ್ತಿದ್ದರು. ನಾಲಿಗೆ ತುದಿಯನ್ನು ಅಂಗುಳಕ್ಕೆ ಇಟ್ಟು ನುಂಗುವುದನ್ನು ಮಗುವಿನ ಹಾಗೆ ಕಲಿತೆ. ಈಗ ಹಲ್ಲಿನ ಹಿಂಭಾಗಕ್ಕೆ ಸಣ್ಣ ತಂತಿ ಅಂಟಿಸಿದ್ದಾರೆ. ಅದು ಕಾಯಂ.

ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತೆ ಎಂದು ನಮ್ಮ ಕಡೆ ಇನ್ನೂ ಹೆದರುತ್ತಾರೆ. ಸಡಿಲ ಮಾಡುವುದು ಕಲ್ಲಿನಂತೆ ಕಟ್ಟಿದ ಪಾಚಿ ಮತ್ತು ಅದರಡಿಯ ಸೋಂಕು. ಬೀಡಿ, ಸಿಗರೇಟು ಸೇದುವವರು ಇನ್ನೂ ಎಚ್ಚರವಾಗಿರಬೇಕು. ಅವರಿಗೆ ವಸಡು ಹಾಳಾದರೂ ರಕ್ತ ಅಷ್ಟಾಗಿ ಬರುವುದಿಲ್ಲ, ಹಾಗಾಗಿ ಗೊತ್ತೇ ಆಗುವುದಿಲ್ಲ.

ಬೆಂಗಳೂರು, ಬಳ್ಳಾರಿಯ ಸರ್ಕಾರಿ ದಂತ ಕಾಲೇಜುಗಳಲ್ಲಿ ವಾರಕ್ಕೊಂದು ದಿನವಾದರೂ ವಸಡಿನ ಡಾಕ್ಟರು, ಕ್ಲಿಪ್ ಡಾಕ್ಟರು ಇಬ್ಬರೂ ಒಟ್ಟಿಗೆ ಕೂತು ದೊಡ್ಡವರನ್ನು ನೋಡುವಂತಾಗಲಿ. ಖಾಸಗಿ ಕ್ಲಿನಿಕ್‌ನವರು ಕ್ಲಿಪ್ಪಿನ ಖರ್ಚು ಹೇಳುವ ಮೊದಲು ವಸಡಿನ ಅಳತೆ ಬರೆದು ನಮ್ಮ ಕೈಗೆ ಕೊಡಲಿ.

– ಹೈಸ್ಕೂಲ್ ಶಿಕ್ಷಕಿ, ತೀರ್ಥಹಳ್ಳಿ