‘ಸರ್ವರ್ ಡೌನ್’ ಎಂದರೆ ಸಾಲದು, ಕೋಡ್ ಬರೆದಿಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ‘ಸರ್ವರ್ ಡೌನ್: ಜನರ ಪರದಾಟ’ ಎಂಬ ತಲೆಬರಹ ಮತ್ತೆ ಬಂದಿದೆ. ಊರಿನ ಹೆಸರು ಬೇರೆ, ಸಾಲಿನಲ್ಲಿ ನಿಂತವರ ಚಿತ್ರ ಬೇರೆ. ಕೊನೆಯ ಸಾಲು ಮಾತ್ರ ಎಂದಿನದೇ: ತಾಂತ್ರಿಕ ದೋಷದಿಂದ ತೊಂದರೆಯಾಗಿದೆ, ಶೀಘ್ರದಲ್ಲೇ ಸರಿಪಡಿಸಲಾಗುವುದು. ಯಾವ ದೋಷ ಎಂದು ನಿಮ್ಮ ವರದಿಗಾರರು ಕೇಳಿಲ್ಲ, ಅಧಿಕಾರಿ ಹೇಳಿಲ್ಲ. ಕೇಳಿದ್ದರೂ ಉತ್ತರ ಸಿಗುತ್ತಿರಲಿಲ್ಲ ಎಂಬುದೇ ನನ್ನ ತಕರಾರು.

ನಾನು ದಾವಣಗೆರೆಯವಳೇ. ಬೆಂಗಳೂರಿನಲ್ಲಿ ಮೇನ್‌ಫ್ರೇಮ್, ಅಂದರೆ ದೊಡ್ಡ ಸಂಸ್ಥೆಗಳ ಭಾರೀ ಕಂಪ್ಯೂಟರುಗಳ ಸಿಸ್ಟಂ ಪ್ರೋಗ್ರಾಮರ್ ಆಗಿ ದುಡಿದು, ನಿವೃತ್ತಿಯ ನಂತರ ಪಿ.ಜೆ. ಬಡಾವಣೆಗೆ ಮರಳಿದ್ದೇನೆ. ಐಬಿಎಂನ ಜೆಡ್/ವಿಎಂ ಎಂಬ ಆಪರೇಟಿಂಗ್ ಸಿಸ್ಟಂ ನೋಡಿಕೊಳ್ಳುವುದು ನಮ್ಮ ಕೆಲಸವಾಗಿತ್ತು. ಒಂದೇ ಯಂತ್ರವನ್ನು ನೂರಾರು ಯಂತ್ರಗಳೆಂಬಂತೆ ತೋರಿಸಿ, ಪ್ರತಿಯೊಂದರಲ್ಲೂ ಬೇರೆ ಸರ್ವರ್ ಓಡಿಸುವುದು ಅದರ ಕಸುಬು. ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ. ಅಮೆರಿಕದ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದಲ್ಲಿ 1967ರ ಹೊತ್ತಿಗೇ ಇದರ ಮೂಲರೂಪ ಓಡುತ್ತಿತ್ತು. 1972ರಲ್ಲಿ ವಿಎಂ/370 ಆಗಿ ಪ್ರಕಟವಾಯಿತು. 2024ರಲ್ಲಿ ಜೆಡ್/ವಿಎಂನ 7.4ನೇ ಆವೃತ್ತಿ ಬಂದಿದೆ.

ಇದರ ಕೇಂದ್ರದಲ್ಲಿರುವುದು ಕಂಟ್ರೋಲ್ ಪ್ರೋಗ್ರಾಂ, ಅಂದರೆ ಸಿಪಿ. ಸಿಪಿ ಬಿದ್ದರೆ ಅದರ ಮೇಲೆ ಓಡುತ್ತಿರುವುದೆಲ್ಲ ಒಟ್ಟಿಗೆ ಬೀಳುತ್ತದೆ. ಆದರೆ ಅದು ಕಾರಣ ಹೇಳದೆ ಬೀಳುವುದಿಲ್ಲ. ಮೂರು ಅಕ್ಷರ, ಮೂರು ಅಂಕಿಯ ಒಂದು ಅಬೆಂಡ್ (ಅಸಹಜ ಅಂತ್ಯ) ಕೋಡನ್ನು ಕೊಟ್ಟೇ ಬೀಳುತ್ತದೆ. ಸಿಪಿಯ ಯಾವ ಭಾಗ ಕೈಚೆಲ್ಲಿತು ಎಂಬುದನ್ನು ಅಕ್ಷರಗಳು, ಏಕೆ ಎಂಬುದನ್ನು ಅಂಕಿಗಳು ತಿಳಿಸುತ್ತವೆ.

ಪಿಜಿಟಿ004 ಎಂದು ಬಂದರೆ ಪೇಜಿಂಗ್ ಜಾಗ ಮುಗಿದಿದೆ. ಮೆಮೊರಿಯನ್ನು ‘ಪುಟ’ಗಳೆಂಬ ಸಣ್ಣ ತುಂಡುಗಳಾಗಿ ವಿಂಗಡಿಸಿ, ಹಿಡಿಸದವನ್ನು ಸಿಪಿ ಡಿಸ್ಕಿಗೆ ಸಾಗಿಸುತ್ತಿರುತ್ತದೆ. ಅಲ್ಲಿಯೂ ಎಡೆಯಿಲ್ಲದಾದಾಗ ಕೆಲಸ ನಿಲ್ಲಿಸುತ್ತದೆ. ಇದಕ್ಕೆ ಪ್ರೋಗ್ರಾಮರನ್ನು ಬೈದು ಫಲವಿಲ್ಲ, ಡಿಸ್ಕಿಗೆ ದುಡ್ಡು ಕೊಡದ ಮ್ಯಾನೇಜರನ್ನು ಕೇಳಬೇಕು. ಪೇಜಿಂಗ್ ಜಾಗ ಅರ್ಧಕ್ಕಿಂತ ಹೆಚ್ಚು ತುಂಬಲು ಬಿಡಬೇಡಿ ಎಂದು ನಮ್ಮ ಹಿರಿಯರು ತಾಕೀತು ಮಾಡುತ್ತಿದ್ದುದು ಸುಮ್ಮನೆ ಅಲ್ಲ. ಪಿಆರ್‌ಜಿ001 ಬಂದರೆ ಪ್ರೊಸೆಸರಿಗೆ ಗೊತ್ತೇ ಇಲ್ಲದ ಆದೇಶವೊಂದು ಅದರ ಮುಂದೆ ಬಂದಿದೆ. ಪಿಆರ್‌ಜಿ004 ಆದರೆ ಸಿಪಿಯ ಒಳಗಿನ ಆದೇಶವೊಂದು ತನಗೆ ಹಕ್ಕಿಲ್ಲದ ಮೆಮೊರಿಗೆ ಕೈ ಹಾಕಿದೆ. ಹೊರಗೆ ಕಾಯುತ್ತಿರುವವರಿಗೆ ಮೂರೂ ‘ಸರ್ವರ್ ಡೌನ್’ ಎಂದೇ ಕಾಣುತ್ತವೆ. ಮದ್ದು ಮಾತ್ರ ಒಂದಕ್ಕೊಂದು ಸಂಬಂಧವಿಲ್ಲದ್ದು.

ಕೋಡ್ ಸಿಕ್ಕ ಮೇಲೆ ಡಂಪ್ ತೆರೆಯಬೇಕು. ಬಿದ್ದ ಕ್ಷಣದಲ್ಲಿ ಮೆಮೊರಿಯಲ್ಲಿ ಏನಿತ್ತೋ ಅದರ ಯಥಾಪ್ರತಿ ಅದು. ಎಡಗಡೆ ಹದಿನಾರರ ಎಣಿಕೆಯ ಅಂಕಿಗಳು, ಬಲಗಡೆ ಅವೇ ಅಂಕಿಗಳ ಅಕ್ಷರರೂಪ. ಯಾವ ಆದೇಶದ ಬಳಿ ನಿಂತಿತು ಎಂಬುದನ್ನು ಪ್ರೊಸೆಸರಿನ ಸ್ಥಿತಿ ಹೇಳುವ ಪಿಎಸ್‌ಡಬ್ಲ್ಯು ತೋರಿಸುತ್ತದೆ, ಆಗ ಕೈಯಲ್ಲಿ ಏನಿತ್ತು ಎಂಬುದನ್ನು ಪ್ರೊಸೆಸರಿನೊಳಗಿನ ಪುಟ್ಟ ಗೂಡುಗಳಾದ ಹದಿನಾರು ರಿಜಿಸ್ಟರುಗಳು. ಒಮ್ಮೆ ಪಿಆರ್‌ಜಿ004 ಬಂದಾಗ, ಮೆಮೊರಿಯ ವಿಳಾಸ ಇರಬೇಕಾದ ರಿಜಿಸ್ಟರಿನಲ್ಲಿ 40404040 ಇತ್ತು. ಮೇನ್‌ಫ್ರೇಮಿನ ಅಕ್ಷರಸಂಕೇತದಲ್ಲಿ 40 ಎಂದರೆ ಪದಗಳ ನಡುವೆ ಬಿಡುವ ಖಾಲಿ ಜಾಗ. ಅಂದರೆ ಯಾವುದೋ ಪ್ರೋಗ್ರಾಂ ಒಂದು ಸಾಲನ್ನು ಖಾಲಿ ಮಾಡಲು ಹೋಗಿ, ಗಡಿ ದಾಟಿ ಪಕ್ಕದವನ ವಿಳಾಸವನ್ನೂ ಅಳಿಸಿಹಾಕಿತ್ತು. ಬಿದ್ದ ಮಾಡ್ಯೂಲ್ (ಪ್ರೋಗ್ರಾಮಿನ ಭಾಗ) ಪಾಪ ನಿರಪರಾಧಿ. ಅಪರಾಧಿ ಯಾವಾಗಲೋ ಜಾಗ ಖಾಲಿ ಮಾಡಿದ್ದ. ಅವನನ್ನು ಹಿಡಿಯಲು ಟ್ರೇಸ್ ಟೇಬಲ್ ಅನ್ನು ಕೊನೆಯಿಂದ ಹಿಂದಕ್ಕೆ ಓದಬೇಕು: ಪ್ರೊಸೆಸರಿನ ಗಮನ ಸೆಳೆಯುವ ಯಾವ ಇಂಟರಪ್ಟ್ ಬಂತು, ಯಾವ ಡಿಸ್ಕ್ ಉತ್ತರ ಕೊಟ್ಟಿತು, ಯಾರ ಸರದಿ ಬಂತು ಎಂಬುದೆಲ್ಲ ಅಲ್ಲಿ ಸಾಲಾಗಿ ದಾಖಲಾಗಿರುತ್ತದೆ. ಬಿದ್ದವನ ಮೇಲೆಯೇ ತಪ್ಪು ಹೊರಿಸಿ ಕಡತ ಮುಚ್ಚುವವರಿಗೆ ನಮ್ಮ ಕೆಲಸದಲ್ಲಿ ಉಳಿಗಾಲವಿಲ್ಲ. (ಬೇರೆ ಕೆಲಸಗಳಲ್ಲಿ ಇದೆ ಎಂದು ಕೇಳಿದ್ದೇನೆ.)

ಇನ್ನೊಂದು ಬಗೆಯೂ ಇದೆ, ಸಾಫ್ಟ್ ಅಬೆಂಡ್. ದೋಷ ಸಣ್ಣದಾದರೆ ಸಿಪಿ ಅಷ್ಟರ ಮಟ್ಟಿನ ಡಂಪ್ ತೆಗೆದಿಟ್ಟು ಓಡುತ್ತಲೇ ಇರುತ್ತದೆ. ಬಳಕೆದಾರರಿಗೆ ಸುಳಿವೂ ಹತ್ತುವುದಿಲ್ಲ. ಆ ಸಣ್ಣ ಡಂಪನ್ನು ಯಾರೂ ನೋಡದೆ ಬಿಟ್ಟ ಕಡೆ ಏನಾಗುತ್ತದೆ ಎಂಬುದನ್ನು ರಾತ್ರಿ ಪಾಳಿ ಮಾಡಿದವರನ್ನು ಕೇಳಿ.

ಹೀಗೆ ಪಳಗಿದವಳು ಈಚೆಗೆ ನಗರದ ಕಚೇರಿಯೊಂದರ ಕೌಂಟರಿನ ಮುಂದೆ ನಿಂತಿದ್ದೆ. ಯಾವ ಕಚೇರಿ ಎಂಬುದು ಬೇಡ. ನನ್ನ ಮುಂದೆ ಜಗಳೂರು ಕಡೆಯ ಹಿರಿಯರೊಬ್ಬರು ಪಹಣಿಗಾಗಿ ಕಾಯುತ್ತಿದ್ದರು. ಪರದೆಯ ಮೇಲೆ ಬೂದುಬಣ್ಣದ ಚೌಕವೊಂದು ಮೂಡಿತು, ಒಳಗೆ ಎರಡು ಸಾಲು ಇಂಗ್ಲಿಷ್, ಕೊನೆಯಲ್ಲಿ ಒಂದು ಸಂಖ್ಯೆ. ನಾನು ಕನ್ನಡಕ ಸರಿಮಾಡಿಕೊಳ್ಳುವಷ್ಟರಲ್ಲಿ ಕೌಂಟರಿನ ಹುಡುಗ ಅದನ್ನು ಮುಚ್ಚಿ, ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಿ, ‘ಸರ್ವರ್ ಇಲ್ಲ ಯಜಮಾನರೇ, ನಾಳೆ ಬನ್ನಿ’ ಎಂದ. ‘ಅದರಲ್ಲಿ ಏನೋ ನಂಬರ್ ಇತ್ತಲ್ಲಪ್ಪ?’ ಎಂದೆ. ‘ದಿನವೂ ಬರುತ್ತದೆ ಮೇಡಂ, ಅದನ್ನೆಲ್ಲ ಯಾರು ನೋಡುತ್ತಾರೆ’ ಎಂದ. ಹಿರಿಯರು ಮೆಕ್ಕೆಜೋಳ ಒಣಗಲು ಹರವಿ ಬಂದಿದ್ದರಂತೆ. ಮೋಡ ನೋಡುತ್ತ ಬಸ್ ನಿಲ್ದಾಣದ ದಾರಿ ಹಿಡಿದರು.

ಅಸಹಜ ಸಾವಾದರೆ ಪಂಚನಾಮೆ ಮುಗಿಯದೆ ಹೆಣ ಎತ್ತಲು ಪೊಲೀಸರು ಬಿಡುವುದಿಲ್ಲ. ನಮ್ಮ ಕೌಂಟರುಗಳಲ್ಲಿ ಮೊದಲು ಹೆಣ ಸುಟ್ಟು ಆಮೇಲೆ ‘ತಾಂತ್ರಿಕ ದೋಷ’ ಎಂದು ಷರಾ ಬರೆಯುತ್ತಾರೆ.

ಸಾಲು ಉದ್ದವಿದೆ, ಕೋಡ್ ಬರೆದುಕೊಳ್ಳುತ್ತ ಕೂರಲು ಪುರುಸೊತ್ತೆಲ್ಲಿ ಎನ್ನುವವರಿದ್ದಾರೆ. ಜೆಡ್/ವಿಎಂಗೂ ಪುರುಸೊತ್ತಿಲ್ಲ. ಅದಕ್ಕೇ ಡಂಪ್ ಇಡಲು ಡಿಸ್ಕಿನಲ್ಲಿ ಮೊದಲೇ ಜಾಗ ಕಾದಿರಿಸಿಕೊಳ್ಳುತ್ತದೆ, ಬಿದ್ದಾಗ ಡಂಪ್ ತೆಗೆದು, ತಾನಾಗಿಯೇ ಮತ್ತೆ ಏಳುತ್ತದೆ. ಓದುವ ಕೆಲಸ ಆಮೇಲಿನದು.

ಕೌಂಟರಿನಲ್ಲಿರುವುದು ಮೇನ್‌ಫ್ರೇಮ್ ಅಲ್ಲವಲ್ಲ ಎಂಬ ಮಾತೂ ಬರುತ್ತದೆ. ನಿಜ, ಅಲ್ಲಿರುವುದು ಒಂದು ಬ್ರೌಸರ್ ಅಷ್ಟೇ. ಆದರೆ ಅದೂ ಮೂಕವಲ್ಲ. 503 ಬಂದರೆ ಆ ಕಡೆಯ ಸರ್ವರ್ ಜೀವಂತವಾಗಿದೆ, ಸದ್ಯ ಕೆಲಸ ವಹಿಸಿಕೊಳ್ಳಲಾರದು: ಹೊರೆ ಹೆಚ್ಚಾಗಿರಬಹುದು, ದುರಸ್ತಿ ನಡೆದಿರಬಹುದು. 504 ಬಂದರೆ ನಮ್ಮ ಎದುರಿಗಿರುವ ಸರ್ವರಿಗೆ ಕಾದು ಸಾಕಾಗಿದೆ, ಅದರ ಹಿಂದಿರುವ ಸರ್ವರ್ ಉತ್ತರ ಕೊಟ್ಟಿಲ್ಲ. ವಿಳಾಸವೇ ಸಿಗಲಿಲ್ಲ ಎಂದು ಬ್ರೌಸರ್ ಹೇಳಿದರೆ ಮೊದಲು ನೋಡಬೇಕಾದ್ದು ಆ ಕಚೇರಿಯದೇ ಇಂಟರ್‌ನೆಟ್ ಸಂಪರ್ಕವನ್ನು. ಹಾಗಿದ್ದ ದಿನವೂ ಬೆಂಗಳೂರಿನ ಸರ್ವರಿಗೆ ಶಾಪ ಹಾಕುತ್ತ ಕುಳಿತರೆ ಇಲ್ಲೇ ಸಡಿಲವಾಗಿರುವ ಕೇಬಲನ್ನು ನೋಡುವವರು ಯಾರು?

ಆದ್ದರಿಂದ ಜಿಲ್ಲಾಡಳಿತ ಪ್ರತಿ ಕೌಂಟರಿಗೂ ಒಂದು ಉದ್ದನೆಯ ನೋಟ್‌ಬುಕ್ ಕೊಡಲಿ. ದಿನಾಂಕ, ಗಂಟೆ, ಪರದೆಯ ಮೇಲೆ ಕಂಡ ಸಂಖ್ಯೆ, ಆಗ ಮಾಡುತ್ತಿದ್ದ ಕೆಲಸ, ಇಷ್ಟು ಬರೆದ ಮೇಲೆಯೇ ರೀಸ್ಟಾರ್ಟ್. ಅರ್ಥವಾಗದಿದ್ದರೂ ಕಂಡದ್ದನ್ನು ಕಂಡ ಹಾಗೆ ಬರೆದರೆ ಸಾಕು. ಒಂದೇ ಸಂಖ್ಯೆ ಪ್ರತಿ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತಿದೆ ಎಂಬುದು ಆ ಪುಸ್ತಕದಿಂದಲ್ಲದೆ ಬೇರೆಲ್ಲಿಂದ ಗೊತ್ತಾಗಬೇಕು? ನಿಮ್ಮ ವರದಿಗಾರರೂ ಇನ್ನು ಮುಂದೆ ಸಾಲಿನ ಫೋಟೊ ಜೊತೆಗೆ ಆ ಸಂಖ್ಯೆಯನ್ನೂ ಕೇಳಿ ಅಚ್ಚು ಹಾಕಲಿ.

ನಮ್ಮ ಊರಿನ ಎಂಜಿನಿಯರಿಂಗ್ ಕಾಲೇಜುಗಳಿಗೂ ಒಂದು ಮಾತು. ಪ್ರೋಗ್ರಾಂ ಬರೆಯುವುದನ್ನು ಕಲಿಸುತ್ತೀರಿ, ಬಿದ್ದ ಪ್ರೋಗ್ರಾಮನ್ನು ಓದುವುದನ್ನು ಕಲಿಸುವುದಿಲ್ಲ. ಇದಕ್ಕೆ ಕೋಟಿ ಬೆಲೆಯ ಯಂತ್ರ ಬೇಕಿಲ್ಲ. ಹರ್ಕ್ಯುಲೀಸ್ ಎಂಬ ಉಚಿತ ತಂತ್ರಾಂಶ ಹಾಕಿದರೆ ಮಾಮೂಲಿ ಲ್ಯಾಪ್‌ಟಾಪೇ ಮೇನ್‌ಫ್ರೇಮಿನಂತೆ ನಡೆದುಕೊಳ್ಳುತ್ತದೆ. ಅದರ ಮೇಲೆ ಹಳೆಯ ವಿಎಂ/370 ಅನ್ನು ಯಾರ ಅಪ್ಪಣೆಯೂ ಇಲ್ಲದೆ ಓಡಿಸಬಹುದು, ಬೇಕೆಂದೇ ಬೀಳಿಸಲೂಬಹುದು. ಪಿಆರ್‌ಜಿ004ಕ್ಕೆ ಅಂದೂ ಇಂದೂ ಅರ್ಥ ಒಂದೇ.

ಯಾವ ಕಾಲೇಜಾದರೂ ಕರೆದರೆ ಶನಿವಾರ ಮಧ್ಯಾಹ್ನ ಬಂದು ಕಲಿಸಲು ಸಿದ್ಧಳಿದ್ದೇನೆ, ಸಂಭಾವನೆ ಬೇಡ. ಒಂದು ಕೊಠಡಿ, ಒಂದು ಪ್ರೊಜೆಕ್ಟರ್ ಇದ್ದರೆ ಸಾಕು. ಕೆಲಸದ ದಿನಗಳ ನಿಜವಾದ ಡಂಪ್ ತೋರಿಸಿ ಎಂದು ಮಾತ್ರ ಕೇಳಬೇಡಿ. ಅವುಗಳಲ್ಲಿ ಗ್ರಾಹಕರ ಹೆಸರು, ಖಾತೆಯ ಲೆಕ್ಕ ಎಲ್ಲ ಸೇರಿರುತ್ತವೆ, ಅವು ಕಚೇರಿಯಿಂದ ಹೊರಗೆ ಬರುವಂತಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ನಾನೇ ಬೀಳಿಸಿದ ವಿಎಂ/370ಯ ಡಂಪ್‌ಗಳನ್ನು ತರುತ್ತೇನೆ.

ಇತಿ,
ನಿವೃತ್ತ ಸಿಸ್ಟಂ ಪ್ರೋಗ್ರಾಮರ್
ಪಿ.ಜೆ. ಬಡಾವಣೆ, ದಾವಣಗೆರೆ